ಮುಂಜಾನೆಯ ಒಂದು ರಿಂಗು

ತಿಕೋಟಾ
11 ಜೂನ್ 2025

ಹೆಂಡತಿಯ ತಮ್ಮ, ಅಳಿಯ ಸಿದ್ದಲಿಂಗೇಶನಿಗೆ ತಿಕೋಟಾದಿಂದ ಮಾಮಾ ಗುರಲಿಂಗಪ್ಪನ ಆಶೀರ್ವಾದ. ಹೋಪಿಂಗ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ಗುಡ್ ಹೆಲ್ತ್ ಅಂಡ್ ಹಾಯ್ ಸ್ಪಿರಿಟ್. ಬಿ.ಕಾಂ.ನಲ್ಲಿ ಇದರ ಮುಂದೆ ಇನ್ನೊಂದು ಸಾಲು ಕಲಿಸಿದ್ದರು, ನೆನಪಾದರೆ ಕೆಳಗೆಲ್ಲಾದರೂ ಬರೆಯುತ್ತೇನೆ.

ಸಂತೋಷದ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ಅಂಗಡಿಗೆ ಮೊಬೈಲ್ ಕವರು, ಗ್ಲಾಸು, ಚಾರ್ಜರು ತರಲೆಂದು ವಿಜಯಪುರಕ್ಕೆ ಹೋಗಿದ್ದೆ. ಗಾಂಧಿ ಚೌಕದಲ್ಲಿ ಉಮರನ ಅಂಗಡಿಗೆ ಕಾಲಿಡುವಷ್ಟರಲ್ಲಿ ಅವನು ಕೌಂಟರಿನ ಹಿಂದಿನಿಂದಲೇ ಕೂಗಿದ. "ಕಾಕಾ, ನಿಮ್ಮ ಹಳದಿ ಕಂಪನಿ, ನಿಮ್ಮ ಅಳಿಯಾರ ನೀಲಿ ಕಂಪನಿ ಎರಡೂ ಕೂಡಾಕತ್ತಾವಂತ್ರಿ! ಇನ್ನ ಮ್ಯಾಲ ನೀವಿಬ್ಬರೂ ಹೊಡೆದಾಡಾಕ ಏನ್ ಉಳೀತ್ರಿ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಇನ್ನೊಮ್ಮೆ ನಕ್ಕೆ.

ಇದು ಒಬ್ಬ ಉಮರನ ಮಾತಲ್ಲ. ಬಸ್ಸಿನಲ್ಲಿ ಅದೇ ಮಾತು, ಒಣದ್ರಾಕ್ಷಿ ವ್ಯಾಪಾರಿಗಳ ಬಾಯಲ್ಲಿ ಅದೇ ಮಾತು. ನನ್ನ ಅಂಗಡಿಯ ಪಕ್ಕ ಕಾಯಿಪಲ್ಲೆ ಮಾರುವ ಮಲಕವ್ವನ ಫೋನಿನಲ್ಲಿ ಎರಡೂ ಕಂಪನಿಯ ಸಿಮ್ ಇವೆ. ಅವಳು ಬಂದು, "ಅಣ್ಣಾರ, ಹಂಗಾರ ನನ್ನ ಫೋನಿನ್ಯಾಗ ಇಷ್ಟ ದಿನ ಸವತ್ಯಾರ ಇದ್ದಂಗ ಇದ್ವು, ಈಗ ಒಂದ ಗಂಗಾಳದಾಗ ಉಣ್ತಾವೇನ್ರಿ?" ಎಂದು ಕೇಳಿದಳು. ಉಣ್ಣುತ್ತವೆ ತಾಯಿ, ಉಣ್ಣುತ್ತವೆ ಎಂದೆ.

ಕಾಲೇಜಿನಲ್ಲಿ ನಮಗೆ ಈ ಪಾಠವೇ ಇತ್ತು, ಸಿದ್ದಲಿಂಗೇಶ. ಕಂಪನಿಗಳು ಕೂಡುವುದರಲ್ಲಿ ಮೂರು ವಿಧ. ಒಂದು ಅಮಾಲ್ಗಮೇಷನ್: ಎರಡೂ ಕಂಪನಿ ಮುಚ್ಚಿ ಮೂರನೆಯದೊಂದು ಹುಟ್ಟುತ್ತದೆ. ಎರಡನೆಯದು ಅಬ್ಸಾರ್ಪ್ಷನ್: ದೊಡ್ಡದು ಸಣ್ಣದನ್ನು ನುಂಗುತ್ತದೆ. ಮೂರನೆಯದು ಮರೆತುಹೋಗಿದೆ. ಆ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲವೋ, ಸರ್ ಬಂದಿರಲಿಲ್ಲವೋ. ನಮ್ಮದು ಮೊದಲನೆಯದೇ ಆಗಬೇಕು. ನೀನೂ ನನ್ನನ್ನು ನುಂಗಬೇಡ, ನಾನೂ ನಿನ್ನನ್ನು ನುಂಗುವುದಿಲ್ಲ.

ಊರ ಮಂದಿಗೆಲ್ಲ ಸಿಮ್ ಕೊಡುವವರು ನಾವು, ನಾವೇ ಕಾಗದ ಬರೆದು ಉಮರನ ಕೌಂಟರಿನಲ್ಲಿ ಇಟ್ಟು ಬರುವುದು ನಗೆಪಾಟಲು ಎಂದು ನನಗೂ ಗೊತ್ತು. ಆದರೆ ನನ್ನ ಮಾತು ನಿನ್ನ ಕಂಪನಿಯ ಟವರಿನ ಮೇಲೆ ಹಾಯಬಾರದು ಎಂದು ನಾನು ಆಣೆ ಇಟ್ಟಿದ್ದೇನೆ. ನೀನೂ ಇಟ್ಟಿದ್ದೀ. ಕಾರಣ ಹೊಸದಾಗಿ ಬರೆಯಬೇಕಿಲ್ಲ. ತಿಕೋಟಾದ ಹಳದಿ ಅಂಗಡಿಯವನ ಹೆಂಡತಿಯೇ ನಂಬರು ಪೋರ್ಟ್ ಮಾಡಿಸಿ ನೀಲಿ ಕಂಪನಿಗೆ ಹೋದಳು, ಅದೂ ಸ್ವಂತ ತಮ್ಮನ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ! ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಎಷ್ಟು ಕಾಡಿದರು ಎಂದು ನಿನಗೇನು ಗೊತ್ತು. ಇರಲಿ. ಸೌಭಾಗ್ಯ ತೀರಿಹೋದಳು, ಆಣೆ ಉಳಿಯಿತು. ಈಗ ಎರಡೂ ಟವರು ಒಂದೇ ಆದರೆ ಆಣೆ ತಾನೇ ಬಿದ್ದುಹೋಗುತ್ತದೆ, ಯಾರೂ ಸೋತಂತಲ್ಲ.

ಒಂದು ಸಣ್ಣ ಮಾತು ಕೇಳುವುದಿದೆ. ಕಂಪನಿ ಕೂಡುವಾಗ ಎಲ್ಲ ನಂಬರುಗಳ ತಪಾಸಣೆ ಆಗುತ್ತದಂತೆ, ಯಾರ ಹೆಸರಿನಲ್ಲಿದೆಯೋ ಅವರೇ ಬಂದು ಬೆರಳು ಇಡದಿದ್ದರೆ ನಂಬರು ಕಟ್ ಅಂತೆ. ನಿನ್ನ ಅಕ್ಕನ ನಂಬರು ಇನ್ನೂ ಅವಳ ಹೆಸರಿನಲ್ಲೇ ಇದೆ. ಅವಳ ಫೋನು ನನ್ನ ಹತ್ತಿರ ಇದೆ. ಸಾರವಾಡದ ನಿಮ್ಮ ಮನೆಯಿಂದ ಅತ್ತೆಯವರು ದಿನಾ ಮುಂಜಾನೆ ಆ ನಂಬರಿಗೆ ಒಂದು ರಿಂಗು ಕೊಟ್ಟು ಕಟ್ ಮಾಡುತ್ತಾರೆ. ತಾಯಿ ಮಗಳ ಹಳೆಯ ಪದ್ಧತಿ: ಒಂದು ರಿಂಗು ಎಂದರೆ ನಾ ಆರಾಮ, ತಿರುಗಿ ಒಂದು ರಿಂಗು ಎಂದರೆ ನಾನೂ ಆರಾಮ. ಮಾತು ಪುಕ್ಕಟೆ ಆದ ಮೇಲೂ ಬಿಡಲಿಲ್ಲ, ಮಗಳು ಹೋದ ಮೇಲೂ ಬಿಡಲಿಲ್ಲ. ತಿರುಗಿ ರಿಂಗು ನಾನು ಕೊಡುತ್ತೇನೆ. ಅದು ಸೌಭಾಗ್ಯಳ ಫೋನು, ಗುಂಡಿ ಒತ್ತುವುದಷ್ಟೇ ನನ್ನ ಕೆಲಸ, ಆದ್ದರಿಂದ ಆಣೆ ಮುರಿದಂತಾಗುವುದಿಲ್ಲ. ಆ ರಿಂಗು ಬಂದ ಮೇಲೆಯೇ ನಾನು ಚಹಾಕ್ಕೆ ನೀರು ಇಡುವುದು.

ಆ ನಂಬರಿಗೆ ನಾನಂತೂ ಒಮ್ಮೆಯೂ ರೀಚಾರ್ಜ್ ಹಾಕಿಲ್ಲ. ಆದರೂ ನಡೆಯುತ್ತಿದೆ. ಅಂಗಡಿಯವನಾಗಿ ನನಗೆ ಗೊತ್ತಾಗಬೇಕು ಅದು ಹೇಗೆ ನಡೆಯುತ್ತಿದೆ ಎಂದು. ನಾನು ಕೇಳುವುದಿಲ್ಲ.

ನಂಬರು ಉಳಿಯುತ್ತದೆಯೋ ಇಲ್ಲವೋ, ಅಷ್ಟು ಬರೆ.

ಯುವರ್ಸ್ ಒಬೀಡಿಯಂಟ್ಲಿ (ಇದು ಸಣ್ಣವರು ದೊಡ್ಡವರಿಗೆ ಬರೆಯುವುದೇನೋ, ಇರಲಿ),
ಗುರಲಿಂಗಪ್ಪ


ಬಬಲೇಶ್ವರ
17 ಜೂನ್ 2025

ಮಾಮಾ ಅವರಿಗೆ ನಮಸ್ಕಾರ.

ಕಾಗದ ಮುಟ್ಟಿತು. ಉಮರಣ್ಣ ಕೊಡುವಾಗ "ಓದಿ ನಗಬ್ಯಾಡ್ರಿ, ಕಾಕಾ ಭಾಳ ಖುಷಿಯಾಗ್ಯಾರ" ಎಂದ.

ಕಂಪನಿ ಕೂಡುವ ಸುದ್ದಿ ನಮಗೆ ಮೇಲಿನಿಂದ ಬಂದಿಲ್ಲ. ಮೊಬೈಲಿನಲ್ಲಿ ಹರಿದಾಡುವುದನ್ನೆಲ್ಲ ನಂಬಬೇಡಿರಿ.

ನಂಬರಿನ ಬಗ್ಗೆ: ಹೆಸರು ಬದಲಾಯಿಸಿದರೆ ಚಿಂತೆಯೇ ಇಲ್ಲ. ನಿಮ್ಮ ಮಗಳು ರಾಜೇಶ್ವರಿಯ ಹೆಸರಿಗೆ ಮಾಡಬಹುದು. ಅಕ್ಕನ ಮರಣದ ದಾಖಲೆ, ರಾಜೇಶ್ವರಿಯ ಆಧಾರ್ ಬೇಕು. ಅವಳೂ ನೀವೂ ನನ್ನ ಅಂಗಡಿಗೆ ಬರಬೇಕಾಗುತ್ತದೆ.

ಅಕ್ಕ ಪೋರ್ಟ್ ಮಾಡಿಸಿದ್ದು ನಾನು ಕರೆದದ್ದಕ್ಕಲ್ಲ. ಆಗ ನಮ್ಮ ಕಂಪನಿಯಿಂದ ನಮ್ಮ ಕಂಪನಿಗೆ ಮಾತು ಪುಕ್ಕಟೆ ಇತ್ತು, ಅವ್ವನದು ನಮ್ಮ ಸಿಮ್ ಇತ್ತು. ಅಷ್ಟೇ. ಬ್ಯಾಡವಾ, ಮಾಮಾ ಸಿಟ್ಟಾಗ್ತಾರ ಎಂದು ನಾನೇ ಹೇಳಿದ್ದೆ. "ಅವರ ಸಿಟ್ಟು ಒಂದ ವಾರದ್ದು, ಅವ್ವನ ಕೂಡ ಮಾತು ದಿನಾಂದು" ಎಂದಳು. ವಾರದ ಲೆಕ್ಕ ಅವಳಿಗೆ ತಪ್ಪಿತು.

ನಿಮ್ಮ
ಸಿದ್ದಲಿಂಗೇಶ


ತಿಕೋಟಾ
28 ಜೂನ್ 2025

ಅಳಿಯ ಸಿದ್ದಲಿಂಗೇಶನಿಗೆ ಆಶೀರ್ವಾದ.

ಮೇಲಿನಿಂದ ಬಂದಿಲ್ಲ ಎನ್ನುತ್ತೀಯಲ್ಲ, ಇಂಥ ಸುದ್ದಿ ಮೇಲಿನಿಂದ ಬರುವುದು ಎಲ್ಲ ಮುಗಿದ ಮೇಲೆ! ಬಿಸಿನೆಸ್ಸಿನಲ್ಲಿ ಇದಕ್ಕೆ ಸೀಕ್ರೆಸಿ ಎನ್ನುತ್ತಾರೆ. ಮೊನ್ನೆ ಭೂತನಾಳದವನೊಬ್ಬ ಅಂಗಡಿಗೆ ಬಂದು, ಕೆರೆಯ ಹತ್ತಿರದ ನಮ್ಮ ಟವರನ್ನು ಇಬ್ಬರು ಸಾಹೇಬರು ಬಂದು ನೋಡಿಕೊಂಡು ಹೋದರು, ಒಬ್ಬನ ಟೊಪ್ಪಿಗೆ ನೀಲಿ ಇತ್ತು ಎಂದ. ಇನ್ನೇನು ಬೇಕು?

ನೀನು ಅಕ್ಕನ ಬಗ್ಗೆ ಬರೆದದ್ದನ್ನು ಓದಿದೆ. ಎರಡು ಸಲ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ, ಛತ್ರಿಯ ವಿಷಯ ಬರೆಯುತ್ತೇನೆ.

ಛತ್ರಿ ಹೊಲಿಸುತ್ತಿದ್ದೇನೆ! ಕಂಪನಿಯವರು ಕೊಟ್ಟ ಆ ದೊಡ್ಡ ಹಳದಿ ಛತ್ರಿ ಇದೆಯಲ್ಲ, ಸಿಮ್ ಮಾರುವಾಗ ರಸ್ತೆಯ ಬದಿಗೆ ನಿಲ್ಲಿಸುತ್ತೇವಲ್ಲ, ಅದನ್ನೇ ಬಿಚ್ಚಿಸಿದೆ. ಟೇಲರ್ ತುಕಾರಾಮನ ಹತ್ತಿರ ನೀಲಿ ಬಟ್ಟೆ ಇತ್ತು, ಸಾಲಿಯ ಹುಡುಗಿಯರ ಯೂನಿಫಾರ್ಮಿನದು. ಒಂದು ಪಟ್ಟಿ ಹಳದಿ, ಒಂದು ಪಟ್ಟಿ ನೀಲಿ. ತುಕಾರಾಮ ತಲೆ ಕೆರೆದುಕೊಂಡ. "ಗುರಲಿಂಗಪ್ಪಣ್ಣಾ, ಎರಡು ಕಂಪನಿ ಕೂಡಿದ್ರ ಹೊಸಾ ಬಣ್ಣಾನ ಬರತೈತಿ. ಹಳದಿ ನೀಲಿ ಕಲಿಸಿದ್ರ ಹಸರ. ನೇರ ಹಸರ ಛತ್ರೀನ ಮಾಡಿಸಬಾರದೇನು?" ಬೇಡ, ಎರಡೂ ಕಾಣಬೇಕು ಎಂದೆ. ಮಷೀನಿನ ಮುಂದೆ ಕುಳಿತು ಅವನೇನೋ ಗೊಣಗಿದ, ಅದನ್ನು ಬರೆಯುವಂತಿಲ್ಲ.

ಆ ಛತ್ರಿಯನ್ನು ಗಾಂಧಿ ಚೌಕದಲ್ಲಿ ಉಮರನ ಅಂಗಡಿಯ ಮುಂದೆ ನಿಲ್ಲಿಸಿ, ಕೆಳಗೆ ನಾವಿಬ್ಬರೂ ಕೂತರೆ ಹೇಗಿರುತ್ತದೆ ಹೇಳು! ಜಾಯಿಂಟ್ ವೆಂಚರ್! ಯುನೈಟೆಡ್ ವಿ ಸ್ಟ್ಯಾಂಡ್, ಡಿವೈಡೆಡ್ ವಿ ಸಿಟ್, ಹೀಗೇನೋ ಇದೆಯಲ್ಲ.

ನಿನ್ನ ಅಂಗಡಿಗೆ ನಾನು ಬರಬೇಕು ಎಂದು ಬರೆದಿದ್ದೀ. ನೀಲಿ ಬೋರ್ಡಿನ ಕೆಳಗೆ ನಾನು ಹಾದು ಹೋಗುವುದನ್ನು ಬಬಲೇಶ್ವರ ನೋಡಬೇಕೇ? ಬೋರ್ಡು ಬದಲಾಗಲಿ, ಬರುತ್ತೇನೆ. ಬದಲಾಗುವ ಮುನ್ನ ನಂಬರು ಮಾತ್ರ ಕಟ್ ಆಗದಂತೆ ನೋಡಿಕೋ. ಅದೊಂದೇ ನನ್ನ ಬೇಡಿಕೆ.

ರಾಜೇಶ್ವರಿಗೆ ಬ್ಯಾಂಕಿನಲ್ಲಿ ಕೆಲಸ ಜಾಸ್ತಿ, ಸಂಜೆಯ ಬಸ್ಸಿಗೆ ವಿಜಯಪುರದಿಂದ ಸುಸ್ತಾಗಿ ಬರುತ್ತಾಳೆ. ಹೋದ ರವಿವಾರ ಸಾರವಾಡಕ್ಕೆ ಹೋಗಿ ಅಜ್ಜಿಯನ್ನು ನೋಡಿಕೊಂಡು ಬಂದವಳು, "ಅಪ್ಪಾ, ಕಾಳವ್ವಜ್ಜಿಗೆ ಈಗ ಮಂದಿ ಗುರ್ತ ಹತ್ತೂದಿಲ್ಲ. ನಾ ಯಾರಂತ ನನ್ನ ಕೇಳಿದಳು" ಎಂದಳು. ನಾನು ನಂಬಲಿಲ್ಲ. ದಿನಾ ಮುಂಜಾನೆ ತಪ್ಪದೆ ರಿಂಗು ಕೊಡುವ ಮುದುಕಿಗೆ ಗುರುತು ಹತ್ತುವುದಿಲ್ಲವೇ? ಗುಂಡಿ ಒತ್ತಬೇಕು, ಒಂದೇ ರಿಂಗಿಗೆ ಕಟ್ ಮಾಡಬೇಕು, ತಿರುಗಿ ಬರುವುದನ್ನು ಕಾಯಬೇಕು. ಇಷ್ಟು ಬುದ್ಧಿ ನಿನ್ನ ಹತ್ತಿರ ಇಲ್ಲ ಎಂದು ಮಗಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ ಏನೋ ಹೇಳಹೋಗಿ, ನೀರು ಕುಡಿಯಲು ಒಳಗೆ ಹೋದಳು.

ಯುವರ್ಸ್ ಟ್ರೂಲಿ ಅಂಡ್ ಜಾಯಿಂಟ್ಲಿ,
ಗುರಲಿಂಗಪ್ಪ


ತಿಕೋಟಾ
7 ಜುಲೈ 2025, ಸೋಮವಾರ

ಸಿದ್ದಲಿಂಗೇಶ,

ಅರ್ಜೆಂಟ್. ಇಂದು ಮುಂಜಾನೆ ರಿಂಗು ಬರಲಿಲ್ಲ.

ಹೊತ್ತು ಏರುವವರೆಗೆ ಫೋನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದೆ. ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿದೆ. ನನ್ನ ಹಳದಿ ಫೋನಿನಿಂದ ಈ ನಂಬರಿಗೆ ಹಚ್ಚಿ ನೋಡಿದೆ, ಬಾರಿಸಿತು. ಹೌದು, ಹಚ್ಚಿದೆ. ಆಣೆ ಇದ್ದದ್ದು ನಿನ್ನ ಕೂಡ ಮಾತಾಡಬಾರದೆಂದು, ನನ್ನ ಕೈಯಲ್ಲೇ ಇರುವ ಫೋನಿನ ಕೂಡ ಅಲ್ಲ. ಅಂದರೆ ನಂಬರು ಕಟ್ ಆಗಿಲ್ಲ. ಹಾಗಾದರೆ ಅತ್ತೆಯವರಿಗೆ ಏನಾಯಿತು?

ಚಹಾ ಕುಡಿದಿಲ್ಲ. ಅಂಗಡಿ ತೆರೆದಿಲ್ಲ. ಮಲಕವ್ವ ಬಂದು "ಯಾಕಣ್ಣಾರ, ಕಂಪನಿ ಮುಳಗೇತೇನ್ರಿ?" ಎಂದು ಕೇಳಿ ಹೋದಳು. ರಾಜಿ ಬ್ಯಾಂಕಿಗೆ ಹೊರಟವಳು ಯಾರಿಗೋ ಫೋನು ಹಚ್ಚಿ ಮಾತಾಡಿ ಬಂದು, "ಅಜ್ಜಿ ಆರಾಮದಾಳಪ್ಪಾ, ಚಿಂತಿ ಮಾಡಬ್ಯಾಡ್ರಿ" ಎಂದಳು. ಆರಾಮ ಇದ್ದರೆ ರಿಂಗು ಎಲ್ಲಿ?

ಕಂಪನಿ ಕೂಡುವ ಕೆಲಸ ಶುರುವಾಗಿ ನಿಮ್ಮ ಸಾರವಾಡದ ಟವರು ಬಂದ್ ಆಗಿದೆಯೇ? ಹೌದು ಎಂದರೆ ಸಂತೋಷ. ಇಲ್ಲ ಎಂದರೆ ಏನೆಂದು ಕೂಡಲೇ ಬರೆ. ಈ ಕಾಗದವನ್ನು ಮಧ್ಯಾಹ್ನದ ಬಸ್ಸಿಗೇ ಹೋಗಿ ಉಮರನ ಕೈಗೆ ಕೊಡುತ್ತೇನೆ.

ಇನ್ ಹೇಸ್ಟ್,
ಗುರಲಿಂಗಪ್ಪ


ಬಬಲೇಶ್ವರ
8 ಜುಲೈ 2025

ಮಾಮಾ ಅವರಿಗೆ ನಮಸ್ಕಾರ.

ಇದನ್ನು ಬರೆದು ಉಮರಣ್ಣನಿಗೆ ಕೊಡಲು ಬಂದರೆ ನಿಮ್ಮ ಅರ್ಜೆಂಟ್ ಕಾಗದ ಅಲ್ಲೇ ಇತ್ತು. ಅಲ್ಲಿಯೇ ನಿಂತು ಓದಿ, ಈ ಎರಡು ಸಾಲು ಮೇಲೆ ಸೇರಿಸುತ್ತಿದ್ದೇನೆ. ಅವ್ವ ಆರಾಮ ಇದ್ದಾಳೆ. ನಿನ್ನೆಯ ರಿಂಗು ತಪ್ಪಿದ್ದು ಟವರಿನ ಸಲುವಾಗಿ ಅಲ್ಲ. ಇವತ್ತು ಬಂದಿರಬೇಕು.

ಕೆಳಗಿನದು ಮೊದಲೇ ಬರೆದದ್ದು.

ರವಿವಾರದ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿದ್ದೆ, ನಿನ್ನೆ ಅಲ್ಲಿ ನಮ್ಮ ಡೀಲರುಗಳ ಮೀಟಿಂಗ್ ಇತ್ತು. ವಿಲೀನದ ಮಾತು ತೆಗೆದರೆ ಸಾಹೇಬರು "ನೋ ಕಾಮೆಂಟ್ಸ್" ಎಂದರು. ಹಿಂದೆ ಕೂತವರೆಲ್ಲ "ಹಂಗಾರ ಖರೇನ!" ಎಂದು ಸೀಟಿ ಹೊಡೆದರು. ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಆಗಲಿ ಅಂತಲೂ ಅನಿಸಿತು.

ಛತ್ರಿ ಆಗಿದ್ದರೆ ಬಿಸಿಲಿಗೆ ಇಡಬೇಡಿರಿ, ಯೂನಿಫಾರ್ಮಿನ ಬಟ್ಟೆ ಬಣ್ಣ ಬಿಡುತ್ತದೆ.

ನಿಮ್ಮ
ಸಿದ್ದಲಿಂಗೇಶ


ತಿಕೋಟಾ
20 ಜುಲೈ 2025

ಅಳಿಯ ಸಿದ್ದಲಿಂಗೇಶನಿಗೆ,

ಇಷ್ಟು ಹೊತ್ತಿಗೆ ನಿನಗೆ ಎಲ್ಲವೂ ಗೊತ್ತು, ಆದರೂ ಬರೆಯುತ್ತೇನೆ. ಬರೆಯದೆ ಕೂತರೆ ಎದೆ ಒಡೆಯುತ್ತದೆ.

ಶುಕ್ರವಾರ ಸಂಜೆ ಉಮರನ ಅಂಗಡಿಯಲ್ಲಿದ್ದೆ. ಛತ್ರಿಯನ್ನೂ ಒಯ್ದಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಇದಕ್ಕೊಂದು ಟಿಕೇಟು ತೆಗೀರಿ ಎಂದ, ಅಷ್ಟು ದೊಡ್ಡದು. ಚೌಕದಲ್ಲಿ ಬಿಚ್ಚಿ ನಿಲ್ಲಿಸಿದೆವು. ಆಟೋದವರು ಹಾರ್ನ್ ಹೊಡೆದು ನೋಡಿದರು. ಆಗ ಉಮರನ ಟಿ.ವಿ.ಯಲ್ಲಿ ಬಂತು: ಎರಡೂ ಕಂಪನಿಯ ದೊಡ್ಡ ಸಾಹೇಬರು ಬೇರೆ ಬೇರೆ ಊರಲ್ಲಿ ಕೂತು ಒಂದೇ ಮಾತು ಹೇಳಿದರು. ವಿಲೀನ ಇಲ್ಲ, ಮಾತುಕತೆಯೂ ಆಗಿಲ್ಲ, ಎಲ್ಲ ಗಾಳಿ ಸುದ್ದಿ.

ಉಮರ ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಚಹಾ ತರಿಸಿದ. "ಕಾಕಾ, ಅವರು ಕೂಡಲಿಲ್ಲಂದ್ರ ನಿಮ್ಮನ್ನ ಯಾರು ಹಿಡದಾರ್ರಿ?" ಎಂದ. ನಾನು ಛತ್ರಿ ಮಡಿಚಿಕೊಂಡು ಬಸ್ಸು ಹತ್ತಿದೆ.

ಮರುದಿನ ಮುಂಜಾನೆ ಎಚ್ಚರಾದಾಗ ಮನಸ್ಸಿಗೆ ಮೊದಲು ಬಂದ ಮಾತು: ಕಂಪನಿ ಕೂಡುವುದಿಲ್ಲ, ಅಂದರೆ ತಪಾಸಣೆ ಇಲ್ಲ, ಅಂದರೆ ನಂಬರು ಉಳಿಯಿತು! ಇಷ್ಟು ದಿನ ಕೂಡಲಿ ಕೂಡಲಿ ಎಂದು ಕುಣಿದವನು ಕೂಡದೇ ಇದ್ದದ್ದಕ್ಕೆ ಹಾಸಿಗೆಯಲ್ಲಿ ಎದ್ದು ಕುಳಿತು ಕೈ ತಟ್ಟಿದೆ. ಈ ಸಂತೋಷವನ್ನು ಯಾರಿಗಾದರೂ ಹೇಳಲೇಬೇಕು ಅನಿಸಿತು. ಫೋನು ಕೈಯಲ್ಲೇ ಇತ್ತು. ರಿಂಗು ಬಂತು. ಕಟ್ ಆಗುವ ಮೊದಲೇ ಎತ್ತಿಬಿಟ್ಟೆ.

ನಾನು ಎಷ್ಟು ಜೋರಾಗಿ ಒದರಿದೆ ಎಂಬುದು ನಿನ್ನ ಕಿವಿಗೇ ಬಿದ್ದಿದೆ. "ಅತ್ತೀ, ನಂಬರ ಉಳೀತ್ರಿ!"

ಆ ಕಡೆ ಎಮ್ಮೆ ಒದರಿದ್ದು ಕೇಳಿಸಿತು. ಯಾರೋ ಕೆಮ್ಮಿದರು. ಮುದುಕಿಯ ಕೆಮ್ಮಲ್ಲ. ಆಮೇಲೆ ನೀನು ಹೇಳಿದೆ, "ಮಾಮಾರ, ಇದು ಮಿಸ್ ಕಾಲ್ ಐತ್ರಿ. ಎತ್ತಬಾರದಿತ್ತು."

ನಿನ್ನ ದನಿ ಅಷ್ಟು ದಪ್ಪ ಆದದ್ದು ಯಾವಾಗ? ನನ್ನ ನೆನಪಿನಲ್ಲಿ ನೀನಿನ್ನೂ ತೆಳ್ಳನೆಯ ದನಿಯಲ್ಲಿ ಜಗಳಾಡುತ್ತೀ.

"ಲೇ, ನೀ ಯಾಕ? ಅತ್ತೀ ಎಲ್ಲಿ?" ಎಂದೆ. "ಅವ್ವ ಇಲ್ಲೇ ಕುಂತಾಳ್ರಿ. ಆಕಿಗೆ ಫೋನ್ ಅಂದ್ರೇನಂತನ ಮರ್ತಹೋಗೇತ್ರಿ. ಅಕ್ಕ ಹೋದ ಮ್ಯಾಲ ಭಾಳ ದಿನ ತಡೀಲಿಲ್ಲ." "ಹಂಗಾರ ಇಷ್ಟ ದಿನ ರಿಂಗ್ ಕೊಟ್ಟಾವರು ಯಾರೋ?" ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಗಿತ್ತು. ನೀನು, "ನೀವು ತಿರುಗಿ ಕೊಡ್ತಿದ್ರಲ್ರೀ, ಅದಕ್ಕ ನಾ ಕೊಡ್ತಿದ್ದೆ" ಎಂದೆ.

ನಾನು ಫೋನು ಇಡಲಿಲ್ಲ. ನೀನೂ. ಎಮ್ಮೆ ಮಾತ್ರ ಒದರುತ್ತಿತ್ತು. ಆಮೇಲೆ ನಾನು "ಎಮ್ಮಿಗೆ ಮೇವು ಹಾಕ್ಯಾರ ಹಾಕೋ" ಎಂದು ಇಟ್ಟೆ. ಬೇರೆ ಏನಾದರೂ ಹೇಳಬಹುದಿತ್ತು. ಒಳಗೆ ಬಂದರೆ ರಾಜಿ ಬಾಗಿಲಲ್ಲಿ ನಿಂತಿದ್ದಳು. "ನಿನಗ ಗೊತ್ತಿತ್ತೇನ ಬೇ?" ಎಂದೆ. "ಗೊತ್ತಿತ್ತು. ಹೇಳಿದ್ರ ನೀವು ತಿರುಗಿ ಕೊಡೂದ ಬಿಡ್ತಿದ್ರಿ" ಎಂದಳು. ಮಗಳು ತಾಯಿಯ ಹಾಗೇ, ನನ್ನ ಸಿಟ್ಟಿನ ಲೆಕ್ಕ ಇಟ್ಟುಕೊಂಡೇ ಬದುಕುತ್ತಾಳೆ. ಚಹಾಕ್ಕೆ ನೀರು ಇಟ್ಟೆ. ಮೂರು ಸಲ ಇಟ್ಟೆ, ಮೂರು ಸಲವೂ ಮರೆತೆ, ನೀರು ಬತ್ತಿಹೋಯಿತು.

ಸಿದ್ದಲಿಂಗೇಶ, ಆ ಮೂರನೆಯ ಪಾಠ ನೆನಪಾಯಿತು! ಇಂಟರ್ನಲ್ ರಿಕನ್‌ಸ್ಟ್ರಕ್ಷನ್. ಯಾವ ಕಂಪನಿಯೂ ಮುಚ್ಚುವುದಿಲ್ಲ, ಯಾವುದೂ ಯಾವುದನ್ನೂ ನುಂಗುವುದಿಲ್ಲ, ಹೊಸದೂ ಹುಟ್ಟುವುದಿಲ್ಲ. ಹೊರಗಿನ ಬೋರ್ಡು ಹಾಗೇ ಇರುತ್ತದೆ, ಒಳಗಿನದನ್ನು ಸರಿಮಾಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಇದೇ ಬಂದಿತ್ತು, ನಾನು ಬಿಟ್ಟು ಬಂದಿದ್ದೆ.

ನಂಬರನ್ನು ರಾಜಿಯ ಹೆಸರಿಗೆ ಮಾಡಿಸಲೇಬೇಕು. ಗಾಳಿ ಸುದ್ದಿ ಮತ್ತೆ ಬರಬಹುದು. ದಾಖಲೆ ತೆಗೆದಿಟ್ಟಿದ್ದೇನೆ. ನಿನ್ನ ಬೋರ್ಡು ಯಾವ ಬಣ್ಣದ್ದಾದರೂ ಇರಲಿ, ಅದರ ಕೆಳಗೆ ಬರುತ್ತೇನೆ. ಬಬಲೇಶ್ವರ ನೋಡಿದರೆ ನೋಡಲಿ.

ಛತ್ರಿಯನ್ನು ಏನು ಮಾಡಲಿ ಎಂದು ಮಾತ್ರ ತಿಳಿಯುತ್ತಿಲ್ಲ. ಎರಡೂ ಕಂಪನಿಯವರು ನೋಡಿದರೆ ಬೈಯುತ್ತಾರೆ.

ನಿನ್ನ ಮಾಮಾ
ಗುರಲಿಂಗಪ್ಪ

ಮೊದಲ ಕಾಗದದ ಆ ಇನ್ನೊಂದು ಸಾಲೂ ನೆನಪಾಯಿತು: ಅವೇಟಿಂಗ್ ಯುವರ್ ಅರ್ಲಿ ರಿಪ್ಲೈ.


ಸಾರವಾಡ
23 ಜುಲೈ 2025

ಮಾಮಾ ಅವರಿಗೆ ನಮಸ್ಕಾರ.

ಫೋನು ಹಚ್ಚಬಹುದಿತ್ತು. ಆದರೆ ಉಮರಣ್ಣ, "ಇನ್ನೊಂದ ಚೀಟಿ ಬರೀರಿ, ನನಗೂ ರೂಢಿ ಆಗೇತಿ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ಪಂಚಮಿ ಹತ್ತಿರ ಬಂತು. ಪ್ರತಿ ವರ್ಷ ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ನಾನೇ ತಿಕೋಟಾಕ್ಕೆ ಬರುತ್ತಿದ್ದೆ. ನೀವು ಮಾತು ಬಿಟ್ಟ ಮೇಲೂ ಬಂದಿದ್ದೇನೆ, ಬಸ್ ಸ್ಟ್ಯಾಂಡಿನ ಈ ಕಡೆ ನಿಲ್ಲುತ್ತಿದ್ದೆ, ಅವಳೇ ಚೀಲ ಹಿಡಿದು ನಡೆದು ಬರುತ್ತಿದ್ದಳು. ಈ ಸಲ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ. ಮನೆಯವರೆಗೆ ಬರುತ್ತೇನೆ. ನೀವೂ ರಾಜೇಶ್ವರಿಯೂ ತಯಾರಾಗಿರಿ. ನನ್ನ ಹೆಂಡತಿ ಶೇಂಗಾ ಉಂಡಿ ಕಟ್ಟಲು ಕುಳಿತಿದ್ದಾಳೆ. ಹಬ್ಬ ಮುಗಿದ ಮರುದಿನ ಅಂಗಡಿಗೆ ಹೋಗಿ ನಂಬರಿನ ಕೆಲಸ ಮಾಡೋಣ.

ಛತ್ರಿ ತರಬೇಕು. ಅಂಗಳದಲ್ಲಿದ್ದ ಬೇವಿನ ಮರ ಗಾಳಿಗೆ ಬಿದ್ದ ಮೇಲೆ ಅವ್ವನಿಗೆ ಮುಂಜಾನೆ ಕೂರಲು ನೆರಳಿಲ್ಲ. ಯಾವ ಕಂಪನಿಯದು ಎಂದು ಅವಳು ಕೇಳುವುದಿಲ್ಲ.

ಒಂದು ಮಾತು. ಶನಿವಾರ ನೀವು ಇಟ್ಟ ಮೇಲೆ ಫೋನು ಅವ್ವನ ಕೈಯಲ್ಲಿ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರೋ ಒದರ್‍ಯಾರಲ್ಲೋ ಇದರಾಗ, ಯಾರವರು?" ಎಂದಳು. ನಮ್ಮ ಮಾಮಾರು ಎಂದೆ. "ಆರಾಮ ಅದಾರಂತೇನು?" ಎಂದು ಕೇಳಿದಳು.

ನಾಳೆ ಮುಂಜಾನೆಯೂ ಹಚ್ಚುತ್ತೇನೆ. ಒಂದೇ ರಿಂಗಿಗೆ ಕಟ್ ಮಾಡುವುದಿಲ್ಲ, ನೀವು ಎತ್ತುವವರೆಗೆ ಬಾರಿಸುತ್ತೇನೆ. ಅವ್ವನಿಗೆ ನೀವೇ ಹೇಳಿರಿ.

ನಿಮ್ಮ
ಸಿದ್ದಲಿಂಗೇಶ